ಮುತ್ಯಾನ ಉಪವಾಸ

ನಮ್ಮ ಮನೆಗೆ ಗಡ್ಡದ ಓತಿಕ್ಯಾತ ಬಂದದ್ದು, ಬಾಡಿಗೆ ಮನೆ ಹುಡುಕುವವರು ಮಾಲೀಕರ ಮುಂದೆ ಹೇಳುವ ಮಾತನ್ನೇ ಹೇಳಿಸಿಕೊಂಡು: ಶುದ್ಧ ಶಾಕಾಹಾರಿ. ಹೇಳಿದವಳು ನನ್ನ ಮಗಳು. ಅವಳ ಗೆಳತಿಯ ತಂದೆಗೆ ಬೇರೆ ಊರಿಗೆ ವರ್ಗವಾಗಿ, ಆ ಮನೆಯವರು ಗಾಜಿನ ಪೆಟ್ಟಿಗೆ, ಬಲ್ಬು ಸಮೇತ ಈ ಮರಿಯನ್ನು ಇವಳಿಗೆ ದಾಟಿಸಿ ಹೋಗಿದ್ದರು. ಬಿಯರ್ಡೆಡ್ ಡ್ರ್ಯಾಗನ್ ಅಂತೆ. ಹೆಸರು ಕೇಳಿದರೆ ಬೆಂಕಿ ಉಗುಳಬೇಕು. ನೋಡಿದರೆ ಗೇಣುದ್ದದ ಮಣ್ಣುಬಣ್ಣದ ಪ್ರಾಣಿ, ಗದ್ದದ ಕೆಳಗೆ ಮೆತ್ತನೆ ಮುಳ್ಳುಗಳು, ಮುಖದಲ್ಲಿ ಯಾರ ಮೇಲೂ ದೂರಿಲ್ಲದ ಭಾವ.

ಅದು ಮನೆಯಲ್ಲಿರಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಾನಲ್ಲ, ನನ್ನ ಅತ್ತೆ. ನಾವು ರಾಯಚೂರು ಕಡೆಯ ಲಿಂಗಾಯತರು. ನಾರಾಯಣಗೂಡದ ಈ ಮೂರನೇ ಮಹಡಿಗೆ ಬಂದು ಎಷ್ಟೋ ವರ್ಷವಾದರೂ ಲಿಂಗಪೂಜೆ ಆಗದೆ ಅತ್ತೆ ಗುಟುಕು ನೀರು ಕುಡಿದವರಲ್ಲ. ಬೇಳೆಯಲ್ಲಿ ಹುಳ ಕಂಡರೆ ಕೊಲ್ಲದೆ, ಮೊರದಲ್ಲಿ ತೆಗೆದುಕೊಂಡು ಹೋಗಿ ಬಾಲ್ಕನಿಯ ತುಳಸಿಕುಂಡದಲ್ಲಿ ಬಿಟ್ಟು ಬರುತ್ತಾರೆ. ಅವರು ಆ ಪ್ರಾಣಿಯನ್ನು ಬಹಳ ಹೊತ್ತು ದಿಟ್ಟಿಸಿದರು. ಗಡ್ಡ ನೋಡಿದರೆ ನಮ್ಮ ಮುತ್ಯಾ ಇದ್ದಂಗ ಐತಿ ಎಂದರು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ಹೀಗೆ ಹುಟ್ಟಿ ಕೆಲವೇ ತಿಂಗಳಾಗಿದ್ದ ಕೂಸು ನಮ್ಮ ಮನೆಯ ಅಜ್ಜನಾಯಿತು.

ಮುತ್ಯಾನ ಊಟದ ಜವಾಬ್ದಾರಿ ಅತ್ತೆಯೇ ಹೊತ್ತರು. ಮೆಂತ್ಯಸೊಪ್ಪನ್ನು ಸಣ್ಣಗೆ ಹೆಚ್ಚಿ, ಕುಂಬಳಕಾಯಿ ತುರಿದು, ಮೇಲೆ ಎರಡೆಳೆ ಕೊತ್ತಂಬರಿ. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಇಷ್ಟು ಉಪಚಾರ ಆದ ನೆನಪಿಲ್ಲ. ಹಾಗಂತ ಅವರೆದುರಿಗೇ ಹೇಳಿ ಬೈಸಿಕೊಂಡದ್ದೂ ಉಂಟು. ಅವರದೊಂದು ಪದ್ಧತಿ ಇದೆ. ಮನೆಯಲ್ಲಿ ಎಲ್ಲರ ಊಟ ಆಯಿತೆಂದು ಖಾತ್ರಿಯಾಗುವವರೆಗೆ ತಾವು ತಟ್ಟೆಯ ಮುಂದೆ ಕೂರುವುದಿಲ್ಲ. ಕೆಲಸದವಳು, ನಲ್ಲಿ ರಿಪೇರಿಗೆ ಬಂದವನು, ಯಾರೇ ಇರಲಿ, ಉಂಡಿರಬೇಕು. ಆ ಸಾಲಿಗೆ ಮುತ್ಯಾನೂ ಸೇರಿದ. ಅವನ ಬಟ್ಟಲಲ್ಲಿ ಸೊಪ್ಪು ಸ್ವಲ್ಪ ಕಡಿಮೆಯಾದದ್ದು ಕಂಡ ಮೇಲೆಯೇ ಅವರು ರೊಟ್ಟಿ ಮುರಿಯುತ್ತಿದ್ದರು.

ಚಳಿಗಾಲ ಶುರುವಾದಂತೆ ಮುತ್ಯಾ ಮಂಕಾದ. ಕೈ ಚಾಚಿದರೆ ಹತ್ತುತ್ತಿದ್ದವನು ಈಗ ಗದ್ದವನ್ನು ನೆಲಕ್ಕೆ ಊರಿ, ಅರೆಗಣ್ಣು ಮುಚ್ಚಿ ಬಿದ್ದಿರುತ್ತಿದ್ದ. ಮೈಬಣ್ಣ ಕಪ್ಪಿಟ್ಟಿತು. ಎತ್ತಿದರೆ ಕಾಲುಗಳು ಜೋತುಬೀಳುತ್ತಿದ್ದವು. ಥಂಡಿಗೆ ಹೀಗಾಗಿದೆ ಅಂದುಕೊಂಡು ಅತ್ತೆ ಹಳೇ ಕೌದಿಯ ತುಂಡು ಹಾಸಿದರು. ನಾನು ಕಿಟಕಿಯ ಗಾಜಿನ ಹತ್ತಿರ ಬಿಸಿಲಿಗೆ ಸರಿಸಿದೆ. ಒಂದು ಬೆಳಗ್ಗೆ ಬಟ್ಟಲಿನ ಸೊಪ್ಪು ಮುಟ್ಟದೆ ಹಾಗೇ ಬಾಡಿದ್ದು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಗಂಡ ಕೆಲಸದ ಮೇಲೆ ಪರವೂರಿನಲ್ಲಿದ್ದರು. ನಾನೂ ಮಗಳೂ ರಟ್ಟಿನ ಡಬ್ಬಿಯಲ್ಲಿ ಅದನ್ನಿಟ್ಟುಕೊಂಡು ಆಟೋ ಹಿಡಿದು ಮೆಹದಿಪಟ್ಟಣಂ ಕಡೆಯ ಒಬ್ಬ ಪ್ರಾಣಿವೈದ್ಯರಲ್ಲಿಗೆ ಹೋದೆವು.

ಏನು ತಿನ್ನಿಸುತ್ತೀರಿ ಎಂದು ಅವರು ಹಿಂದಿಯಲ್ಲಿ ಕೇಳಿದರು. ನಾನು ಹೆಮ್ಮೆಯಿಂದಲೇ ಮೆಂತ್ಯ, ಕುಂಬಳ, ಕೊತ್ತಂಬರಿ ಎಂದೆ. ಹುಳ? ಎಂದು ಕೇಳಿದರು. ನಾವು ಶಾಕಾಹಾರಿಗಳು ಎಂದೆ. ಅವರು ಕನ್ನಡಕ ತೆಗೆದು, ನೀವು ಸರಿ, ಇದೂನಾ ಎಂದರು. ಮಗಳು ಗೋಡೆ ನೋಡುತ್ತಿದ್ದಳು. ಬೆಳೆಯುವ ವಯಸ್ಸಿನಲ್ಲಿ ಇದಕ್ಕೆ ಹುಳವೇ ಮುಖ್ಯ ಊಟ, ಸೊಪ್ಪು ಪಲ್ಯದ ಹಾಗೆ ಪಕ್ಕಕ್ಕೆ ಎಂದು ಅವರು ವಿವರಿಸಿದರು. ಗಾಜು ದಾಟಿ ಬಂದ ಬಿಸಿಲಿನಿಂದ ಮೂಳೆಗೆ ಉಪಯೋಗವಿಲ್ಲ, ನೇರ ಬಿಸಿಲು ಬೇಕು, ಬಲ್ಬೂ ಬದಲಾಗಬೇಕು. ಕ್ಯಾಲ್ಸಿಯಂ ಹನಿ ಬರೆದುಕೊಟ್ಟರು, ಜೀವಂತ ಹುಳದ ಒಂದು ಪೊಟ್ಟಣವನ್ನೂ ಕೊಟ್ಟರು. ಬಹಳ ಸೋತಿದೆ, ತಾನಾಗಿ ತಿನ್ನಲು ಶುರುಮಾಡಿದರೆ ಬದುಕುತ್ತದೆ, ಇಲ್ಲದಿದ್ದರೆ ಹೇಳಲಾರೆ ಎಂದರು.

ವಾಪಸು ಬರುವಾಗ ಆಟೋದಲ್ಲಿ ಮಗಳು ಅತ್ತಳು. ಹುಳದ ವಿಷಯ ಗೆಳತಿ ಮೊದಲೇ ಹೇಳಿದ್ದಳಂತೆ. "ಹುಳ ಅಂದ್ರ ಅಜ್ಜಿ ಒಳಗ ಬಿಡ್ತಿದ್ದಿಲ್ಲ ಮಮ್ಮಿ. ಸೊಪ್ಪೂ ತಿಂತೈತಿ ಅಂದಿದ್ಲು, ಅಷ್ಟ ಸಾಕು ಅನ್ಕೊಂಡೆ." ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಅವಳ ತೊಡೆಯ ಮೇಲಿನ ಡಬ್ಬಿ, ಅದರ ಪಕ್ಕ ದುಪಟ್ಟಾದಲ್ಲಿ ಮುಚ್ಚಿಟ್ಟ ಹುಳದ ಪೊಟ್ಟಣ ನೋಡಿ, ಬೈಯುವ ಬದಲು ಡಬ್ಬಿ ಅಲುಗದಂತೆ ಕೈ ಆನಿಸಿದೆ. ಅಜ್ಜಿಗೆ ಏನು ಹೇಳುವುದು ಎಂಬ ಚಿಂತೆಯೇ ಸಾಕಾಗಿತ್ತು.

ಬಾಗಿಲಲ್ಲೇ ಕಾದಿದ್ದ ಅತ್ತೆ ಡಾಕ್ಟರು ಏನಂದರು ಎಂದು ಕೇಳಿದರು. ಸುಳ್ಳು ಹೇಳುವಷ್ಟು ತ್ರಾಣ ನನಗಿರಲಿಲ್ಲ. ಎಲ್ಲ ಹೇಳಿಬಿಟ್ಟೆ, ಪೊಟ್ಟಣವನ್ನೂ ತೋರಿಸಿದೆ. ಮೊಮ್ಮಗಳಿಗೆ ಬೈಯುತ್ತಾರೆ, ಹುಳ ಹೊರಗೆಸೆಯಲು ಹೇಳುತ್ತಾರೆ ಎಂದು ಕಾದೆ. ಅವರು ಕುರ್ಚಿ ಹಿಡಿದು ಮೆಲ್ಲಗೆ ಕೂತರು.

"ಹಂಗಾರ ಇಷ್ಟ್ ದಿನಾ ಅದು ಉಪವಾಸ ಇತ್ತೇನು?" ಎಂದರು. "ಮನ್ಯಾಗ ಒಂದ್ ಜೀವ ಹಸಕೊಂಡಿತ್ತು. ನಾ ದಿನಾ ಎರಡ್ ಹೊತ್ತು ಉಂಡೀನಿ."

ಆ ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಮುತ್ಯಾ ಉಂಡ ಮೇಲೆ ನೋಡೋಣ ಎಂದರು. ಸಕ್ಕರೆ ಕಾಯಿಲೆಯ ಮುದುಕಿ, ಗುಳಿಗೆ ನುಂಗಬೇಕು. ನಾನು ಬೇಡಿಕೊಂಡೆ, ರೇಗಿದೆ, ನಿಮಗೇನಾದರೂ ಆದರೆ ನಾನು ಯಾವ ಡಾಕ್ಟರ ಹತ್ತಿರ ಡಬ್ಬಿಯಲ್ಲಿಟ್ಟುಕೊಂಡು ಹೋಗಲಿ ಎಂದೂ ಕೇಳಿದೆ. ಗುಳಿಗೆಗೆಂದು ಒಂದಿಷ್ಟು ಹಾಲು ಕುಡಿದರು, ಅಷ್ಟೇ. ಈಗ ಒಂದಲ್ಲ, ಎರಡು ಜೀವಗಳು ಆ ಹುಳದ ಬಟ್ಟಲಿಗೆ ಕಟ್ಟುಬಿದ್ದಿದ್ದವು.

ಟೆರೇಸಿನ ಮೇಲೆ ಬಟ್ಟೆ ತೊಳೆಯುವ ಟಬ್ಬಿನಲ್ಲಿ ಪೇಪರು ಹಾಸಿ ಮುತ್ಯಾನನ್ನು ಬಿಸಿಲಿಗೆ ಬಿಟ್ಟೆವು. ಕಾಗೆ ಕಾಯಲು ಅತ್ತೆಯೇ ಕೋಲು ಹಿಡಿದು ಕೂತರು, ಟಬ್ಬಿಗೆ ಬೆನ್ನು ಮಾಡಿ. ಹುಳ ಸಾಯುವುದನ್ನು ನೋಡುವುದು ಅವರಿಂದಾಗದು. ಆ ದಿನ ಮುತ್ಯಾ ಕಣ್ಣು ತೆರೆಯಲಿಲ್ಲ. ಹನಿ ಬಾಯಿಗೆ ಬಿಟ್ಟೆವು, ಅರ್ಧ ಹೊರಗೆ ಸುರಿಯಿತು. ಮರುದಿನ ರವಿವಾರ, ನನಗೆ ರಜೆ; ಬೆಳಗ್ಗೆಯೇ ಮತ್ತೆ ಮೇಲೆ ಹೋದೆವು. ಬಿಸಿಲೇರಿದಂತೆ ಅದರ ಬೆನ್ನಿನ ಕಪ್ಪು ತಿಳಿಯಾಯಿತು. ತಲೆ ಮೇಲೆದ್ದಿತು. ಮಗಳು ಬೆರಳಿನಿಂದ ಬಟ್ಟಲನ್ನು ಹತ್ತಿರ ಸರಿಸಿದಳು. ಗುಲಾಬಿ ನಾಲಿಗೆ ಹೊರಬಂದು ಒಂದು ಹುಳ ಮಾಯವಾಯಿತು. ಸ್ವಲ್ಪ ತಡೆದು ಇನ್ನೊಂದು.

ಅತ್ತೆ ತಿರುಗಲಿಲ್ಲ. "ಉಂಡ್ತೇನು?" ಎಂದರು.

"ಉಣ್ಣಾಕತ್ತೈತಿ ಅಜ್ಜಿ."

"ಉಣ್ಣಲಿ. ಗಡಿಬಿಡಿ ಮಾಡಬ್ಯಾಡ."

ಆಮೇಲೆ ನನ್ನ ಕಡೆ ನೋಡಿ ಹಸಿವಾಗಿದೆ ಎಂದರು. ನಾನು ಮೆಟ್ಟಿಲು ಓಡಿ ಇಳಿದು, ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಮೊಸರು ತಂದೆ. ಅವರು ಅಲ್ಲೇ ಬಿಸಿಲಿನಲ್ಲಿ ಕೂತು ಉಂಡರು. ಮುತ್ಯಾ ಬದುಕಿದನೆಂಬ ಸಂತೋಷ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಇಂಥವರ ಕೈಯ ಅನ್ನ ತಿಂದುಕೊಂಡು ನನ್ನ ಮಗಳು ಬೆಳೆಯುತ್ತಿದ್ದಾಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು.

ಮರುದಿನ ಮಧ್ಯಾಹ್ನ ಆಫೀಸಿನಲ್ಲಿ ಫೋನು ಬಂತು. ನಾನು ನೌಕರಿಗೆ ಸೇರಿದಾಗಿನಿಂದ ಆ ಹೊತ್ತಿಗೆ ಅತ್ತೆ ಫೋನು ಮಾಡಿ ಉಂಡ್ಯೇನು ಎಂದು ಕೇಳುತ್ತಾರೆ. ನಾನು ಹೂಂ ಎಂದು ಇಟ್ಟುಬಿಡುತ್ತೇನೆ. ಅವತ್ತು ಇಡಲಿಲ್ಲ.

"ನೀವು ಉಂಡ್ರೇನ್ರಿ ಅತ್ತಿ?" ಎಂದೆ.

ಅವರಿಗೆ ಸ್ವಲ್ಪ ಆಶ್ಚರ್ಯವಾಗಿರಬೇಕು. "ಇನ್ನೂ ಇಲ್ಲವ್ವಾ. ಹುಡುಗಿ ಕಾಲೇಜಿಗೆ ಹೋಗ್ಯಾಳ, ಮುತ್ಯಾಗ ನಾನ ಹುಳ ಹಾಕಾಕತ್ತೀನಿ. ಅವಂದು ಆಗಲಿ, ಮತ್ತೊಮ್ಮಿ ಜಳಕಾ ಮಾಡಿ ಉಣ್ತೀನಿ."