ನನ್ನ ಕೈಯಿಂದ ಬಿದ್ದ ನೀರು

ಮೊದಲು ಹಳದಿಯಾದದ್ದು ನನ್ನ ಗಂಡ ಶಿವಣ್ಣನವರ ಕಣ್ಣು. ಊಟ ಬಡಿಸುವಾಗ ನೋಡಿದೆ. ಹನಕೆರೆಯಲ್ಲಿ ನಮ್ಮದು ವೆಲ್ಡಿಂಗ್ ಅಂಗಡಿ, ಕಣ್ಣು ಕೆಂಪಾಗುವುದು ಹೊಸದಲ್ಲ. ಆದರೆ ಇದು ಕೆಂಪಲ್ಲ.

ವಾರದೊಳಗೆ ಅಂಗಡಿ ಮುಂದೆಯೇ ರಕ್ತ ಕಾರಿದರು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. "ಲಿವರ್ ಹಾಳಾಗಿದೆ ಕಣಮ್ಮ. ಬ್ಲೀಡಿಂಗ್ ನಿಲ್ಲಿಸೋಕೆ ಎಂಡೋಸ್ಕೋಪಿ ಮಾಡ್ತೀವಿ. ಬಿಪಿ ತುಂಬಾ ಕಮ್ಮಿ ಇದೆ, ಏನಾಗುತ್ತೋ ಹೇಳಕ್ಕಾಗಲ್ಲ."

ನಾನು ಹುಟ್ಟಾ ಕ್ಯಾಥೊಲಿಕ್. ಅವರು ಗೌಡರ ಮನೆಯವರು. ಮದುವೆಯಾದ ಮೇಲೆ ತಾವಾಗಿಯೇ ಚರ್ಚಿನಲ್ಲಿ ಜ್ಞಾನೋಪದೇಶಕ್ಕೆ ಕೂತು ಪೂರ್ತಿ ಕಲಿತರು. ದೀಕ್ಷಾಸ್ನಾನವನ್ನು ಮಾತ್ರ ಮುಂದೂಡುತ್ತಲೇ ಬಂದರು. ಯಾಕೆ ಎಂದು ಕೇಳಿದರೆ ನಗುವರು. "ಆ ನೀರು ಬಿದ್ರೆ ಅಲ್ಲಿಗಂಟ ಮಾಡಿದ್ ಪಾಪ ಎಲ್ಲಾ ಓಯ್ತದೆ ಅಂತಾರಲ್ಲ ಪಾದ್ರಿ ಸ್ವಾಮಿಗಳು. ಇನ್ನೊಸಿ ಮಾಡ್ಕಂಡು ಒಂದೇ ಸಲ ತೊಳ್ಕತೀನಿ ಬುಡು."

ಮಾಡಿಕೊಂಡರು ಕೂಡ. ಮದ್ದೂರಿನಲ್ಲಿ ಒಬ್ಬಳಿದ್ದಳು. ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳನ್ನು ಬಿಟ್ಟು ಬಂದ ಮೇಲೂ ಆ ಬಗ್ಗೆ ನನ್ನೆದುರು ಒಂದು ಮಾತು ಆಡಿದವರಲ್ಲ.

ಈಗ ಸ್ಟ್ರೆಚರ್ ಮೇಲೆ ನನ್ನ ಕೈ ಹಿಡಿದುಕೊಂಡರು. "ನೀರು ಆಕ್ಸು. ದೇವ್ರ್ ತಾವ ತಪ್ಪಾಯ್ತು ಅಂದಿವ್ನಿ."

ಸ್ವಾಮಿಗಳು ಮಳವಳ್ಳಿ ಕಡೆ ಯಾರದೋ ಮಣ್ಣಿಗೆ ಹೋಗಿದ್ದರು. ಫೋನ್ ಎತ್ತಲಿಲ್ಲ. ಸಾವು ಎದುರಿಗಿದ್ದಾಗ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಎಂದು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆ. ಗಂಡನ ತಲೆಗೇ ಹೊಯ್ಯಬೇಕಾದೀತು ಎಂದು ಯಾರು ಹೇಳಿದ್ದರು?

ಕೈಯಲ್ಲಿ ನೀರಿನ ಬಾಟಲಿ ಇತ್ತು. ಹೊಟ್ಟೆಯಲ್ಲಿ ಕಿಚ್ಚು.

ನನಗೆ ದೀಕ್ಷಾಸ್ನಾನವಾದದ್ದು ಹಸುಗೂಸಾಗಿದ್ದಾಗ. ಅಲ್ಲಿಂದಾಚೆಗಿನ ಒಂದೊಂದು ಪಾಪವನ್ನೂ ಸ್ವಾಮಿಗಳ ಮುಂದೆ ಮಂಡಿಯೂರಿ, ನಾಚಿಕೆ ಬಿಟ್ಟು ಹೇಳಿ, ಪ್ರಾಯಶ್ಚಿತ್ತ ಮಾಡಿ ಕಳೆದುಕೊಂಡಿದ್ದೇನೆ. ಮದ್ದೂರಿನವಳಿಗೆ ಹಾಕಿದ ಶಾಪವನ್ನೂ ನಾನೇ ಹೋಗಿ ಪಾಪನಿವೇದನೆ ಮಾಡಿದೆ. ಈ ಮನುಷ್ಯನಿಗೆ ಅದೊಂದೂ ಬೇಡ. ತಲೆ ಮೇಲೆ ಒಂದಿಷ್ಟು ನೀರು ಬಿದ್ದರೆ ಮದ್ದೂರೂ ಹೋಯಿತು, ಎಲ್ಲವೂ ಹೋಯಿತು. ಅದೂ ನನ್ನ ಕೈಯಿಂದ!

ಒಳಗಿನಿಂದ ನರ್ಸ್ ಕರೆದರು.

ಹೊಯ್ದೆ.

ಪಿತನ, ಸುತನ, ಪವಿತ್ರಾತ್ಮರ ಹೆಸರನ್ನು ಹಲ್ಲು ಕಚ್ಚಿಕೊಂಡೇ ಹೇಳಿದೆ. ಅವರ ಮುಖ ಎಷ್ಟು ಹಗುರಾಯಿತೆಂದರೆ, ನೋಡಲಾಗದೆ ಗೋಡೆ ಕಡೆ ತಿರುಗಿಕೊಂಡೆ.

ಬದುಕಿದರು.

ಮರುದಿನ ವಾರ್ಡಿಗೆ ಬಂದ ಸ್ವಾಮಿಗಳನ್ನು ವರಾಂಡಕ್ಕೆ ಕರೆದು ಕೇಳಿದೆ. "ಹೊಟ್ಟೆಕಿಚ್ಚು ಇಟ್ಕೊಂಡು ಹೊಯ್ದೆ ಸ್ವಾಮಿ. ಅದು ದೀಕ್ಷಾಸ್ನಾನ ಆಗುತ್ತಾ?" ಆಗಿಲ್ಲ ಎನ್ನಲಿ ಎಂದು ಒಳಗೊಳಗೇ ಆಸೆ.

"ಆಗಿದೆಯಮ್ಮ. ಕೈ ಮಾತ್ರ ನಿಮ್ಮದು, ಕೊಟ್ಟವನು ದೇವರು."

"ಅವರನ್ನ ಕ್ಷಮಿಸೋ ಮುಂಚೆ ದೇವರು ನನ್ನನ್ನೊಂದು ಮಾತು ಕೇಳಿದ್ನಾ?"

"ನಿಮ್ಮನ್ನ ಕೇಳಬೇಕಾದವರು ಒಳಗಿದ್ದಾರೆ" ಅಂದರು ಸ್ವಾಮಿಗಳು.

ಮನೆಗೆ ಬಂದೆವು. ಉಪ್ಪಿಲ್ಲದ ಗಂಜಿ, ಹೊತ್ತು ಹೊತ್ತಿಗೆ ಮಾತ್ರೆ, ಊದಿದ ಕಾಲು. ವೆಲ್ಡಿಂಗ್ ಅಂಗಡಿಗೆ ಬೀಗ. ಅವರನ್ನು ಎಬ್ಬಿಸಿ ಕೂರಿಸುವುದರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಅವರು ಮಾತ್ರ ಹೊಸ ಬಟ್ಟೆ ತೊಟ್ಟ ಮಗುವಿನ ಹಾಗೆ ಕೂತಿರುತ್ತಿದ್ದರು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಒಂದು ಬೆಳಿಗ್ಗೆ ಗಂಜಿ ಕುಡಿಯುತ್ತ ಅಂದರು, "ದೇವ್ರೇ ಬುಟ್ಬುಟ್ಟ. ನೀನ್ಯಾಕೆ ಇನ್ನೂ ಮಖ ಊದಿಸ್ಕಂಡಿದ್ದೀಯೆ?"

"ದೇವರು ನಿಮ್ ಜೊತೆ ಸಂಸಾರ ಮಾಡಿಲ್ಲ ಕಣ್ರೀ. ಮಾಡಿದೋಳು ನಾನು."

ಲೋಟ ಕೆಳಗಿಟ್ಟರು.

"ಮದ್ದೂರಿಂದು... ನಿನ್ ತಾವ ಕೇಳ್ಲೇ ಇಲ್ಲ ನಾನು. ತಪ್ಪಾಯ್ತು ಕಣಮ್ಮಿ."

ಇಷ್ಟು ವರ್ಷ ಕಾದದ್ದು ಈ ಮಾತಿಗೇ. ಬಂದಿತು, ಆದರೆ ಕ್ಷಮಿಸುವುದು ದೇವರಷ್ಟು ಬೇಗ ನನ್ನಿಂದಾಗದು.

"ನಾಳೆ ಕೇಳಿ" ಅಂದೆ.

ಮರುದಿನವೂ ಕೇಳಿದರು. ಈವತ್ತೂ ಕೇಳಿದರು. ನಾನಿನ್ನೂ ಹೂಂ ಅಂದಿಲ್ಲ. ಕೇಳಲು ಅವರು ಉಳಿದಿದ್ದಾರೆ, ಅದಕ್ಕೆ ಮಾತ್ರ ದೇವರಿಗೆ ಸ್ತೋತ್ರ ಹೇಳುತ್ತೇನೆ.