ಕ್ಯೂರಿಂಗ್ ಓನರ್ ಕಡೆ

ನಮ್ಮ ಬಸವೇಶ್ವರನಗರದ ಯಾವ ಮನೆಯ ತಾರಸಿ ಹತ್ತಿ ನಿಂತರೂ ಆಕಾಶಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕಂಬಿಗಳು. ಮನೆ ಕಟ್ಟಿ, ಗೃಹಪ್ರವೇಶದ ಹೋಳಿಗೆ ತಿಂದು, ಒಂದು ಪೋರ್ಷನ್ನನ್ನು ಬಾಡಿಗೆಗೂ ಕೊಟ್ಟ ಮೇಲೆ ಕೂಡ ನಮ್ಮ ಜನ ಮನೆ ಮುಗಿಯಿತೆಂದು ಒಪ್ಪುವುದಿಲ್ಲ. ಕಂಬಗಳ ತುದಿಯಲ್ಲಿ ಮೊಳದುದ್ದದ ಕಬ್ಬಿಣದ ಕಂಬಿಗಳನ್ನು ಹಾಗೆಯೇ ಹೊರಗೆ ಬಿಟ್ಟಿರುತ್ತಾರೆ. ಮುಂದೆಂದಾದರೂ ಮೇಲೊಂದು ಅಂತಸ್ತು ಎಬ್ಬಿಸುವಾಗ ಹೊಸ ಕಂಬವನ್ನು ಹಳೆಯದಕ್ಕೆ ಬೆಸೆಯಲು ಇರಲಿ ಎಂಬ ದೂರಾಲೋಚನೆ. ಮಳೆಗೆ ತುಕ್ಕು ಹಿಡಿಯದಿರಲಿ, ಬಟ್ಟೆ ಹರವಲು ಬಂದವರ ಮೈಗೆ ಚುಚ್ಚದಿರಲಿ ಎಂದು ಒಂದೊಂದು ಕಂಬಿಯ ತಲೆಗೂ ಒಂದೊಂದು ಖಾಲಿ ನೀರಿನ ಬಾಟಲಿ ಕವುಚಿರುತ್ತಾರೆ. ಇದು ಭವಿಷ್ಯಕ್ಕೆ ನಾವು ಹಾಕುವ ಟೋಪಿಯೋ, ಭವಿಷ್ಯ ನಮಗೆ ಹಾಕುವ ಟೋಪಿಯೋ ಎಂಬ ಜಿಜ್ಞಾಸೆಯಲ್ಲಿ ನಾನು ಎಷ್ಟೋ ಬೆಳಗಿನ ಕಾಫಿಗಳನ್ನು ತಣ್ಣಗಾಗಿಸಿದ್ದೇನೆ.

ಈ ಕಂಬಿಗಳ ಬಗ್ಗೆ ನನಗಿದ್ದದ್ದು ವೃತ್ತಿಸಹಜವಾದ ತಿರಸ್ಕಾರ. ಸರ್ಕಾರಿ ಇಲಾಖೆಯೊಂದರಲ್ಲಿ ತಲೆ ನೆರೆಯುವವರೆಗೂ ನಾನು ಮಾಡಿದ ಕೆಲಸ ಒಂದೇ, ಕಟ್ಟಡಗಳ ಅಂದಾಜು ಪಟ್ಟಿ ತಯಾರಿಸುವುದು. ಹೊರಗಿನವರಿಗೆ ಮಹಾವಿದ್ಯೆಯಂತೆ ಕಾಣುವ ಈ ಕಸುಬಿನ ಗುಟ್ಟನ್ನು ನಿವೃತ್ತನಾದ ಧೈರ್ಯದಲ್ಲಿ ನಿಮಗೆ ಹೇಳಿಬಿಡುತ್ತೇನೆ. ಇನ್ನೂ ಕಟ್ಟದಿರುವ ಗೋಡೆಯ ಉದ್ದ, ದಪ್ಪ, ಎತ್ತರಗಳನ್ನು ಗುಣಿಸಬೇಕು. ಬಾಗಿಲು ಕಿಟಕಿಗಳ ಜಾಗವನ್ನು ಕಳೆಯಬೇಕು. ಬಂದದ್ದಕ್ಕೆ ದರ ಕಟ್ಟಬೇಕು. ಒಡೆಯುವ ಟೈಲ್ಸಿಗೂ ಚೆಲ್ಲುವ ಸಿಮೆಂಟಿಗೂ ಒಂದಿಷ್ಟು ಕೂಡಿಸಬೇಕು. ಕೊನೆಗೆ, ಮನುಷ್ಯ ಸರ್ವಜ್ಞನಲ್ಲವೆಂಬ ವಿನಯದಿಂದ ‘ಆಕಸ್ಮಿಕ ವೆಚ್ಚ’ ಎಂಬ ಒಂದು ಸಾಲು ಬರೆದು ಸಹಿ ಹಾಕಬೇಕು. ಗೋಡೆಯಲ್ಲಿರುವ ತೀರ ಸಣ್ಣ ಕಂಡಿಗಳನ್ನು ಲೆಕ್ಕದಿಂದ ಕಳೆಯಬಾರದು, ಅವನ್ನು ಗೋಡೆಯೆಂದೇ ಎಣಿಸಬೇಕು ಎಂಬ ನಿಯಮವೂ ಇದೆ. ದಾಂಪತ್ಯಕ್ಕೂ ಅನ್ವಯಿಸುವ ನಿಯಮ ನನ್ನ ಇಡೀ ಶಾಸ್ತ್ರದಲ್ಲಿ ಇದೊಂದೇ.

ಅಂದಾಜಿನ ಜೊತೆಗೆ ಸಾಮಗ್ರಿಗಳ ವಿವರಣೆಯನ್ನೂ ಬರೆಯಬೇಕು: ಯಾವ ದರ್ಜೆಯ ಸಿಮೆಂಟು, ಎಂಥ ಮರಳು, ಎಷ್ಟು ದಪ್ಪದ ಗಿಲಾವು. ಪ್ರತಿ ವಿವರಣೆಯ ಬಾಲದಲ್ಲೂ ‘ಪ್ರಭಾರ ಅಭಿಯಂತರರಿಗೆ ತೃಪ್ತಿಯಾಗುವಂತೆ’ ಎಂಬ ಮಾತು ಇರಲೇಬೇಕು. ಅಂದರೆ ಉಸ್ತುವಾರಿ ಇಂಜಿನಿಯರಿಗೆ; ಕಾಗದದ ಮಟ್ಟಿಗೆ ಅದು ನಾನೇ. ವರ್ಷಗಟ್ಟಲೆ ನನ್ನ ತೃಪ್ತಿಗಾಗಿ ಕಟ್ಟಡಗಳು ಏಳುತ್ತಿದ್ದವು ಎಂದರೆ ನೀವು ನಂಬಲಾರಿರಿ. ಮನೆಯಲ್ಲಿ ಮಾತ್ರ ಪ್ರಭಾರ ಅಭಿಯಂತರರು ನನ್ನ ಹೆಂಡತಿ ಸುಮಿತ್ರ. ಅವರಿಗೆ ತೃಪ್ತಿಯಾದ ದಾಖಲೆ ಇದುವರೆಗೂ ಇಲ್ಲ.

ನಮ್ಮ ತಾರಸಿಯ ಮೇಲೂ ಅಪ್ಪ ಬಿಟ್ಟುಹೋದ ಕಂಬಿಗಳಿದ್ದವು. ತುಕ್ಕು ಹಿಡಿದ ಕಂಬಿ ಹೊಸ ಕಂಬಕ್ಕೆ ಆಧಾರವಾಗದು, ಕತ್ತರಿಸಿಬಿಡೋಣ ಎಂದು ನಾನು ಆಗಾಗ ಉಪನ್ಯಾಸ ಕೊಡುತ್ತಿದ್ದೆ. ಸುಮಿತ್ರ ಅದನ್ನು ಪೂರ್ತಿ ಕೇಳಿಸಿಕೊಂಡು, ಅದೇ ಕಂಬಿಗಳಿಗೆ ಕಟ್ಟಿದ ಹಗ್ಗದ ಮೇಲೆ ನನ್ನ ಬನಿಯನ್‌ಗಳನ್ನು ಹರವುತ್ತಿದ್ದಳು. ಮನೆಯನ್ನು ಅಪ್ಪ ಆ ಕಾಲದ ರೂಢಿಯಂತೆ ಗಂಡುಮಗನಾದ ನನ್ನ ಹೆಸರಿಗೆ ಬರೆದಿದ್ದರು. ಅಮ್ಮ ಮಾತ್ರ ಸಂಡಿಗೆ ಒಣಗಿಸುವಾಗ ಕಂಬಿಗಳ ಕಡೆ ನೋಡಿ, “ಮೇಲಿಂದು ವಿಶಾಲುಗೆ” ಎನ್ನುತ್ತಿದ್ದಳು. ವಿಶಾಲು ನನ್ನ ತಂಗಿ, ವಿಶಾಲಾಕ್ಷಿ. ಅಮ್ಮ ಹೋದಮೇಲೆ ಆ ಮಾತೂ ಕಂಬಿಯ ಹಾಗೆ ಅಲ್ಲಿಯೇ ನಿಂತಿತ್ತು.

ವಿಶಾಲು ಮದುವೆಯ ಗೋಜಿಗೆ ಹೋಗಲಿಲ್ಲ. ನಮ್ಮ ಬಡಾವಣೆಯ ಹಲ್ಲಿನ ಕ್ಲಿನಿಕ್ ಒಂದರಲ್ಲಿ ರೋಗಿಗಳಿಗೆ ಟೋಕನ್ ಕೊಟ್ಟು ಕೂರಿಸುವ ಕೆಲಸ ಅವಳದು. ಹಲ್ಲುನೋವಿನವರ ಮುಂದೆ ಯಾರ ಠೇಂಕಾರವೂ ನಡೆಯುವುದಿಲ್ಲ, ಅವಳ ಮುಂದೆ ಹಲ್ಲುನೋವಿನವರದೂ ನಡೆಯುವುದಿಲ್ಲ. ವಾಸ ಮೂಡಲಪಾಳ್ಯದ ಒಂದು ಬಾಡಿಗೆ ಪೋರ್ಷನ್ನಿನಲ್ಲಿ. ಆ ಮನೆಯ ಮಾಲೀಕರಿಗೆ ಹಳೆಯದನ್ನು ಕೆಡವಿ ಅಂತಸ್ತುಗಳನ್ನು ಎಬ್ಬಿಸುವ ಮನಸ್ಸಾಗಿ, ಬೇಸಿಗೆಯೊಳಗೆ ಖಾಲಿ ಮಾಡಬೇಕೆಂದರು. ನಮ್ಮ ಮನೆಗೇ ಬಂದುಬಿಡು ಎಂದು ನಾನು ಕರೆದೆ.

“ಬರ್ತೀನಿ ಕಣಣ್ಣ,” ಎಂದಳು. “ಆದ್ರೆ ನಿನ್ ಹಾಲ್‌ನಲ್ಲಿ ದಿವಾನ್ ಮೇಲೆ ಮಲಗಕ್ಕಲ್ಲ. ನಂಗೊಂದು ಬಾಗ್ಲು ಬೇಕು, ಅದಕ್ಕೊಂದು ಬೀಗ ಬೇಕು. ಮೇಲೆ ಒಂದ್ ರೂಮ್ ಹಾಕ್ಸು, ಬಾಡಿಗೆ ತಗೋ, ಬರ್ತೀನಿ. ಇಲ್ದಿದ್ರೆ ಕೆಂಗೇರಿ ಕಡೆ ನೋಡ್ಕೋತೀನಿ.”

ನನಗೆ ನಿಜವಾಗಿಯೂ ಸಂಕಟವಾಯಿತು. ಒಡಹುಟ್ಟಿದವಳಿಂದ, ಅದೂ ಅಮ್ಮ ಅವಳಿಗೆಂದು ಹೇಳಿದ ಜಾಗಕ್ಕೆ, ಬಾಡಿಗೆ ತೆಗೆದುಕೊಳ್ಳುವುದು ಹೇಗೆ? ತೆಗೆದುಕೊಳ್ಳುವುದಿಲ್ಲವೆಂದರೆ ಅವಳು ಬರುವವಳಲ್ಲ. ಈ ಪ್ರಶ್ನೆಗೆ ಉತ್ತರ ಹೊಳೆಯದೆ, ಉತ್ತರ ಹೊಳೆಯದಿದ್ದಾಗಲೆಲ್ಲ ಮಾಡುವಂತೆ, ಅಂದಾಜು ಪಟ್ಟಿ ಬರೆಯಲು ಕೂತೆ.

ಒಂದು ಕೋಣೆ, ಅಡುಗೆಮನೆ, ಬಚ್ಚಲು. ಸೇತುವೆಗಳನ್ನೂ ಆಸ್ಪತ್ರೆಗಳನ್ನೂ ಕಾಗದದ ಮೇಲೆ ಎಬ್ಬಿಸಿದ ಕೈಗೆ ಇದೂ ಒಂದು ಲೆಕ್ಕವೇ ಎಂದುಕೊಂಡಿದ್ದೆ. ಆದರೆ ಪರರ ಕಟ್ಟಡಕ್ಕೆ ಅಂದಾಜು ಬರೆಯುವುದು ಪರರ ಮಕ್ಕಳಿಗೆ ಬುದ್ಧಿ ಹೇಳಿದಷ್ಟೇ ಸುಲಭ. ಸ್ವಂತಕ್ಕೆ ಬಂದಾಗ ಶಾಸ್ತ್ರ ಕೈಕೊಡುತ್ತದೆ. ಪಟ್ಟಿ ಮುಗಿಯುವಷ್ಟರಲ್ಲಿ ಸಿಮೆಂಟಿನ ಬೆಲೆ ಏರಿತು, ತಿದ್ದಿದೆ. ತಿದ್ದುವಷ್ಟರಲ್ಲಿ ಕಬ್ಬಿಣದ ಬೆಲೆ ಇಳಿಯಿತು. ಇನ್ನಷ್ಟು ಇಳಿಯಲಿ ಎಂದು ಕಾದೆ. ನಾನು ಕಾಯುತ್ತಿರುವುದು ಗೊತ್ತಾದಂತೆ ಅದು ಮತ್ತೆ ಏರಿತು. ಕಿಟಕಿಯ ಚಿಲಕಕ್ಕೆ ಕೂಡ ಒಂದು ಪರಿಚ್ಛೇದದ ವಿವರಣೆ ಬರೆದೆ. ಅದು ಕೈಗೆ ಹಿತವಾಗಿರಬೇಕು, ಸದ್ದು ಮಾಡಬಾರದು, ಸಮುದ್ರತೀರದ ಗಾಳಿಯನ್ನೂ ತಡೆಯಬೇಕು ಎಂದಿದ್ದೆ. ಬಸವೇಶ್ವರನಗರಕ್ಕೆ ಸಮುದ್ರ ಬರುವ ಸಂಭವ ಕಡಿಮೆಯೆಂದು ಸುಮಿತ್ರ ನೆನಪಿಸಿದಳು.

“ನೀವು ಬರ್ದು ಮುಗ್ಸೋಷ್ಟ್ರಲ್ಲಿ ವಿಶಾಲು ಕೆಂಗೇರೀಲಿ ಹಾಲುಕ್ಕಿಸಿರ್ತಾಳೆ,” ಎಂದೂ ಅಂದಳು. ಅದು ಬರಿಯ ಚುಚ್ಚುಮಾತಲ್ಲ. ಹಿಂದಿನ ಭಾನುವಾರವಷ್ಟೇ ವಿಶಾಲು ಕೆಂಗೇರಿಯಲ್ಲಿ ಒಂದು ಮನೆ ನೋಡಿ ಬಂದು, ಗಾಳಿ ಬೆಳಕು ಚೆನ್ನಾಗಿದೆ, ಓನರೂ ಒಳ್ಳೆಯವರು ಎಂದು ಫೋನಿನಲ್ಲಿ ಹೊಗಳಿದ್ದಳು. ಕಾಣದ ಆ ಒಳ್ಳೆಯ ಓನರನ್ನು ನಾನು ಆ ದಿನವೆಲ್ಲ ಮನಸಾರೆ ದ್ವೇಷಿಸಿದೆ.

ಗಾಬರಿಯಾಗಿ ಮಾರನೆಯ ದಿನವೇ ಸಾಮಗ್ರಿ ನೋಡಲು ನಾಯಂಡಹಳ್ಳಿಯ ಗೋದಾಮುಗಳ ಕಡೆ ಸ್ಕೂಟರ್ ತಿರುಗಿಸಿದೆ. ಅಲ್ಲಿ ಒಂದು ಸತ್ಯ ಗೋಚರಿಸಿತು. ಯಾವ ಅಂಗಡಿಗೆ ಹೋಗಿ ಯಾವುದರ ಮೇಲೆ ಕೈಯಿಟ್ಟರೂ ಅದು ‘ಫಸ್ಟ್ ಕ್ವಾಲಿಟಿ.’ ಎರಡನೆಯ ದರ್ಜೆಯ ಮಾಲು ಈ ಊರಿನಲ್ಲಿ ಯಾರೂ ಮಾರುವುದಿಲ್ಲ. ಆದರೂ ಎಲ್ಲರ ಮನೆಯಲ್ಲೂ ಅದೇ ಇರುತ್ತದೆ. ಬಾಗಿಲಿನ ಅಂಗಡಿಯಲ್ಲಿ ನನ್ನ ವಿವರಣೆಯನ್ನು ಗಂಭೀರವಾಗಿ ಓದಿ ಹೇಳಿದೆ: ಗಂಟಿಲ್ಲದ, ಬಿರುಕಿಲ್ಲದ, ಬಾಗದ, ಚೆನ್ನಾಗಿ ಒಣಗಿದ ಮರ. ಅಂಗಡಿಯಾತ ಸಾವಧಾನವಾಗಿ ಕೇಳಿ, “ಅಷ್ಟೆಲ್ಲಾ ಬೇಕು ಅಂದ್ರೆ ಪ್ಲಾಸ್ಟಿಕ್ ತಗೊಳ್ಳಿ ಸಾರ್,” ಎಂದ.

ಕೊನೆಗೆ ಕೆಲಸ ಹಿಡಿದದ್ದು ಮೂಡಲಪಾಳ್ಯದ ಮೇಸ್ತ್ರಿ ಮುನಿರಾಜು. ಆತ ಮಾತಿನಲ್ಲಿ ಬಹುಮಹಡಿ ಕಟ್ಟುವ ಮನುಷ್ಯ. ತಾನು ಕೈಯಿಟ್ಟ ಮನೆ ಇದುವರೆಗೆ ಸೋರಿದ್ದಿಲ್ಲವೆಂದೂ, ಸೋರಿದ್ದರೆ ಅದು ಮಳೆಯ ತಪ್ಪೆಂದೂ ಮೊದಲ ಭೇಟಿಯಲ್ಲೇ ತಿಳಿಸಿದ. ನೂರು ಚದರಡಿಗೆ ಒಂದು ‘ಚದರ’ ಎನ್ನುವುದು ಇಲ್ಲಿನ ಮೇಸ್ತ್ರಿಗಳ ಅಳತೆ. ತಾರಸಿಯ ಮೇಲೆ ನಾಲ್ಕು ಹೆಜ್ಜೆ ಅತ್ತಿತ್ತ ಹಾಕಿ, ಆಕಾಶ ನೋಡಿ, ಚದರಕ್ಕೆ ಇಷ್ಟು ಎಂದು ಒಂದು ದರ ಹೇಳಿದ. ಅದು ನನ್ನದಕ್ಕಿಂತ ಬಹಳ ಕಡಿಮೆಯಿತ್ತು. ಹಿಗ್ಗುವ ಮೊದಲೇ ಕಡಿಮೆಯ ಕಾರಣವೂ ಬಂತು. “ನೀರು, ಕರೆಂಟು ನಿಮ್ದು ಸಾರ್. ಮೌಲ್ಡ್ ಹಾಕೋ ದಿನ ಹುಡುಗ್ರಿಗೆಲ್ಲ ಊಟ ನಿಮ್ದು. ಕ್ಯೂರಿಂಗ್ ಓನರ್ ಕಡೆ.”

ಕ್ಯೂರಿಂಗ್ ಎಂದರೆ ನೀರು ಕುಡಿಸುವುದು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂದು ಲೋಕ ತಿಳಿದಿದೆ. ಅದು ಗಟ್ಟಿಯಾಗುವುದು ನೆನೆದು. ಛಾವಣಿ ಹಾಕಿದ ಮೇಲೆ ವಾರಗಟ್ಟಲೆ ಅದರ ಮೇಲೆ ನೀರು ನಿಂತಿರಬೇಕು. ಇಲ್ಲದಿದ್ದರೆ ಎಂಥ ಫಸ್ಟ್ ಕ್ವಾಲಿಟಿ ಸಿಮೆಂಟಾದರೂ ಬಿರುಕು ಬಿಟ್ಟು ನಗುತ್ತದೆ. ನನ್ನ ಪಟ್ಟಿಗಳಲ್ಲಿ ಇದಕ್ಕೆ ಎಂದೂ ಬೇರೆ ಸಾಲು ಇರಲಿಲ್ಲ. ‘ಕ್ಯೂರಿಂಗ್ ಸೇರಿದಂತೆ’ ಎಂದು ವಾಕ್ಯದ ಕೊನೆಯಲ್ಲಿ ಎರಡು ಪದ ಬಿದ್ದರೆ ಮುಗಿಯಿತು. ಸುಮಿತ್ರಳ ಕಾಫಿ ಹೇಗೆ ಸಂಸಾರದಲ್ಲಿ ಸೇರಿದೆಯೋ ಹಾಗೆ ಅದೂ ದರದಲ್ಲಿ ಸೇರಿದೆ ಎಂಬ ನಂಬಿಕೆ.

ಗೋಡೆಗಳು ಎದ್ದವು. ಅಪ್ಪನ ಕಂಬಿಗಳ ತುಕ್ಕು ಕೆರೆದು, ನನ್ನ ಹಟಕ್ಕೆ ಪಕ್ಕದಲ್ಲಿ ಹೊಸ ಕಂಬಿಗಳನ್ನೂ ಕೂರಿಸಿ, ಕಂಬಗಳನ್ನು ಎತ್ತರಿಸಿದ್ದಾಯಿತು. ಮೌಲ್ಡ್ ದಿನ, ಅಂದರೆ ಛಾವಣಿಗೆ ಕಾಂಕ್ರೀಟು ಸುರಿಯುವ ದಿನ, ವಿಶಾಲು ಕ್ಲಿನಿಕ್ಕಿಗೆ ರಜೆ ಹಾಕಿ ಬಂದಳು. ಕುಂಬಳಕಾಯಿ ಒಡೆದ ಮುನಿರಾಜು ನನ್ನ ಕಡೆ ತಿರುಗಿ, ಮೇಲೆ ಮತ್ತೆ ಕಂಬಿ ಬಿಡಬೇಕೇ ಎಂದು ಕೇಳಿದ. ಪಾಯದ ಸಾಮರ್ಥ್ಯ, ಮಣ್ಣಿನ ಗುಣ, ಇನ್ನೊಂದು ಅಂತಸ್ತನ್ನು ಈ ಮನೆ ಏಕೆ ಎಂದೂ ಹೊರಲಾರದು ಎಂಬುದನ್ನು ನಾನು ವಿಶದಪಡಿಸತೊಡಗಿದೆ.

“ಇರ್ಲಿ ಬಿಡಣ್ಣ,” ಎಂದಳು ವಿಶಾಲು. “ಬಟ್ಟೆ ಹಗ್ಗ ಎಲ್ಲಿಗ್ ಕಟ್ಟೋದು ಮತ್ತೆ?”

ಮುನಿರಾಜು ನನ್ನ ಉಳಿದ ಉಪನ್ಯಾಸಕ್ಕೆ ಕಾಯದೆ ಕಂಬಿ ಬಿಟ್ಟ.

ಕ್ಯೂರಿಂಗಿನ ಮೊದಲ ಬೆಳಗ್ಗೆ ಪೈಪು ಹಿಡಿದು ಹೊರಟವನು ನಾನೇ. ಅರ್ಧ ಮೆಟ್ಟಿಲಲ್ಲಿ ಬೆನ್ನು ಹಿಡಿದುಕೊಂಡಿತು. ನನ್ನ ಅಂದಾಜಿನಲ್ಲಿದ್ದ ಏಕೈಕ ಆಕಸ್ಮಿಕ ನಾನೇ ಆದೆ. ಸುಮಿತ್ರಳ ಮಂಡಿ ಮೆಟ್ಟಿಲನ್ನು ಕಂಡರೇ ಮುನಿಯುತ್ತದೆ. ಬಿಸಿಲು ಏರುತ್ತಿತ್ತು, ಮೇಲೆ ಛಾವಣಿ ಬಿಳಿಚಿಕೊಳ್ಳುತ್ತಿತ್ತು, ನಾನು ದಿವಾನದ ಮೇಲೆ ಮಲಗಿ ‘ಸೇರಿದಂತೆ’ ಎಂಬ ಪದದ ಅರ್ಥವನ್ನು ಧ್ಯಾನಿಸುತ್ತಿದ್ದೆ. ಆಗ ಗೇಟಿನ ಮುಂದೆ ವಿಶಾಲುವಿನ ಸ್ಕೂಟರ್ ನಿಂತ ಸದ್ದಾಯಿತು.

ಆಮೇಲೆ ಅದೇ ದಿನಚರಿ. ಬೆಳಗ್ಗೆ ಕ್ಲಿನಿಕ್ಕಿಗೆ ಮೊದಲು, ಸಂಜೆ ಕ್ಲಿನಿಕ್ಕಿನ ನಂತರ, ಸೀರೆಯ ಸೆರಗು ಸಿಕ್ಕಿಸಿ ಅವಳು ಛಾವಣಿ ಹತ್ತುತ್ತಿದ್ದಳು. ಮುನಿರಾಜು ಗಾರೆಯಲ್ಲಿ ಕಟ್ಟಿಕೊಟ್ಟಿದ್ದ ಗೇಣೆತ್ತರದ ಬದುಗಳ ನಡುವೆ ನೀರು ತುಂಬಿಸಿ, ಗದ್ದೆ ಕಾಯುವವಳಂತೆ ನಿಲ್ಲುತ್ತಿದ್ದಳು. ಮೈನಾಗಳು ಸ್ನಾನಕ್ಕೆ ಬಂದವು. ಕಾವೇರಿ ನೀರು ಬಾರದ ದಿನ ನೆಲದಡಿಯ ಸಂಪಿನಿಂದ ಕೊಡದಲ್ಲಿ ಹೊತ್ತಳು; ಬೇಡವೆಂದರೆ ಕೇಳಲಿಲ್ಲ. ಕೆಲವು ದಿನಗಳಲ್ಲಿ ಸುಮಿತ್ರಳ ಮಂಡಿ ಕೂಡ ಮುನಿಸು ಬಿಟ್ಟು, ಕಡ್ಲೆಪುರಿಯ ಡಬ್ಬಿಯೊಂದಿಗೆ ಮೆಲ್ಲಗೆ ಮೇಲೆ ಹೋಗತೊಡಗಿತು. ಅವರಿಬ್ಬರ ನಗು ಮೆಟ್ಟಿಲಿಳಿದು ನನ್ನ ದಿವಾನದವರೆಗೂ ಬರುತ್ತಿತ್ತು. ವಿಷಯ ನಾನೇ ಎಂದು ಊಹಿಸಲು ಅಂದಾಜುಶಾಸ್ತ್ರ ಬೇಕಿರಲಿಲ್ಲ. ಈ ನಡುವೆ ವಿಶಾಲುವಿನ ಒಂದು ಜೊತೆ ಹವಾಯಿ ಚಪ್ಪಲಿ ನಮ್ಮ ಮನೆಯಲ್ಲೇ ಉಳಿಯಿತು. ಆಮೇಲೆ ಒಂದು ಛತ್ರಿ, ಒಂದು ಚೊಂಬು, ಮೂಡಲಪಾಳ್ಯದಿಂದ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂತು ಬಂದ ತುಳಸಿ ಕುಂಡ. ಕೆಂಗೇರಿಯ ಗಾಳಿ ಬೆಳಕಿನ ಸುದ್ದಿ ನಿಂತುಹೋಯಿತು. ಬಾಡಿಗೆಯ ಸುದ್ದಿ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಮುನಿರಾಜು ನನ್ನ ಫೋನಿಗೆ ಕರೆ ಮಾಡಿ, “ಸಾರ್, ಓನರ್ ಮೇಡಂಗೆ ಕೊಡಿ,” ಎಂದ. ನಾನು ಅಡುಗೆಮನೆಗೆ ಹೋಗಿ ಸುಮಿತ್ರಳ ಕೈಗೆ ಕೊಟ್ಟೆ. ಅವಳು ಕೇಳಿಸಿಕೊಂಡು ನಗುತ್ತ ನನಗೇ ಹಿಂತಿರುಗಿಸಿದಳು. “ಅವ್ರಲ್ಲ ಸಾರ್. ನೀರು ಹಾಕ್ತಾರಲ್ಲ, ಆ ಓನರ್ ಮೇಡಂ. ಛಾವಣಿ ಕೆಳಗಿನ ಸೆಂಟ್ರಿಂಗ್ ಹಲಗೆ ಯಾವಾಗ್ ಬಿಚ್ಲಿ ಅಂತ ಅವ್ರನ್ನೇ ಕೇಳ್ಬೇಕು.” ಮನೆಯ ಖಾತೆ ನನ್ನ ಹೆಸರಿನಲ್ಲಿದೆ ಎಂದು ಹೇಳಹೊರಟವನು, ವಿಶಾಲುವಿನ ನಂಬರ್ ಕೊಟ್ಟೆ.

ಕೋಣೆ ಮುಗಿದು, ಹಾಲುಕ್ಕಿಸುವ ದಿನ ಬಂತು. ಹೊಸ ಒಲೆಯ ಮೇಲೆ ಹಾಲಿಟ್ಟು, ವಿಶಾಲು ನನ್ನ ಮುಂದೆ ನಿಂತು ಟೋಕನ್ ಕೊಡುವ ದನಿಯಲ್ಲಿ ಹೇಳಿದಳು: “ಈಗ ಬಾಡಿಗೆ ಮಾತಾಡಿಬಿಡೋಣ ಅಣ್ಣ. ಆಮೇಲೆ ಮುಜುಗರ ಬೇಡ.”

ಪುಟಗಟ್ಟಲೆ ವಿವರಣೆ ಬರೆದವನು ಅಭ್ಯಾಸಬಲದಿಂದ ಜೇಬಿನ ಪೆನ್ನು ತಡಕಿದೆ. ಉತ್ತರ ಹೇಳಿದವಳು ಸುಮಿತ್ರ.

“ಕ್ಯೂರಿಂಗ್ ಓನರ್ ಕಡೆ ಅಂತ ಮುನಿರಾಜು ಮೊದ್ಲೇ ಹೇಳಿರ್ಲಿಲ್ವೇನೇ? ನೀರು ಹಾಕಿದ್ದು ಯಾರು? ಅತ್ತೆ ಹೇಳಿದ್ ಮಾತು ನಿಂಗೆ ಮರ್ತಿರ್ಬೋದು ಕಣೇ, ನಂಗೆ ಮರ್ತಿಲ್ಲ. ಬಾಡಿಗೆ ಕೊಡ್ತಾಳಂತೆ! ಹಾಲ್ ನೋಡು, ಉಕ್ತಾ ಇದೆ.”

ವಿಶಾಲು ಹಾಲಿನ ಕಡೆ ತಿರುಗಿದಳು. ಅದು ಉಕ್ಕಿ ಒಲೆಯೆಲ್ಲ ಹರಿದು ಆರಿಹೋದ ಮೇಲೂ ಅವಳು ನಮ್ಮ ಕಡೆ ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಹೊಗೆ, ಹೊಗೆ ಎಂದಳು. ಗ್ಯಾಸ್ ಒಲೆಯಲ್ಲಿ ಹೊಗೆ ಎಲ್ಲಿಂದ ಎಂದು ನಾನು ಕೇಳಲಿಲ್ಲ. ಸಣ್ಣ ಕಂಡಿಗಳನ್ನು ಕಳೆಯಬಾರದು.

ಈಗ ನಾನು ಬೆಳಗಿನ ಕಾಫಿಗೆ ಇನ್ನೊಂದು ಅಂತಸ್ತು ಹತ್ತಬೇಕು. ಅಲ್ಲಿಂದಲೂ ಬಡಾವಣೆಯ ಕಂಬಿಗಳು ಕಾಣುತ್ತವೆ, ಮೊದಲಿಗಿಂತ ಹೆಚ್ಚೇ ಕಾಣುತ್ತವೆ. ಅವುಗಳಲ್ಲಿ ಎಷ್ಟರ ಮೇಲೆ ನಿಜವಾಗಿ ಮನೆ ಏಳುತ್ತದೆಂದು ಅಂದಾಜು ಮಾಡುವುದನ್ನು ಬಿಟ್ಟಿದ್ದೇನೆ. ಯಾರ ಅಮ್ಮ ಯಾವ ಕಂಬಿಯನ್ನು ಯಾರಿಗೆಂದು ಹೇಳಿದ್ದಾಳೋ ಯಾರಿಗೆ ಗೊತ್ತು. ಮೊನ್ನೆ ಮಳೆ ಮೋಡ ಕಟ್ಟಿತ್ತು. ವಿಶಾಲು ಹಗ್ಗದಿಂದ ಬಟ್ಟೆ ತೆಗೆಯುತ್ತ, ಮೂಲೆಯ ಕಂಬದ ಕಡೆ ಕೈ ತೋರಿಸಿದಳು. ಇನ್ನೆಂದೂ ಯಾವ ಅಂತಸ್ತನ್ನೂ ಹೊರದ ಮನೆಯ, ಯಾವ ಕೆಲಸಕ್ಕೂ ಬಾರದ ಕಂಬಿ ಅದು.

“ಅಣ್ಣಾ, ಇದೊಂದಕ್ಕೆ ಬಾಟ್ಲಿ ಹಾಕಿಲ್ಲ ನೋಡು. ತುಕ್ಕು ಹಿಡಿಯತ್ತೆ.”

ನನ್ನ ಕೈಯಲ್ಲಿದ್ದ ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು. ಬಾಯಾರಿಕೆ ಇಲ್ಲದಿದ್ದರೂ ಗಟಗಟನೆ ಕುಡಿದು ಖಾಲಿ ಮಾಡಿದೆ.