ಬರೀ ದೀಪ ಹತ್ತುವ ಪೆಡಲ್ಲು

ಮದ್ದೂರಿನ ನನ್ನ ಸೋದರಮಾವನ ಮಗ ಆರ್ಕೆಸ್ಟ್ರಾದವರ ಜೊತೆ ಆರತಕ್ಷತೆಗಳಲ್ಲಿ ಗಿಟಾರ್ ಬಾರಿಸುತ್ತಾನೆ. ಬಾರಿಸುವುದಕ್ಕಿಂತ ಕೂದಲು ಹಿಂದಕ್ಕೆ ಎಸೆಯುವುದರಲ್ಲೇ ಅವನ ಸಾಧನೆ ಹೆಚ್ಚು. ನಾನು ಮಂಡ್ಯದ ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಮಣ್ಣು ಪರೀಕ್ಷಿಸುವವಳು. ಗಿಟಾರಿನ ದನಿಯನ್ನು ಒರಟಾಗಿಸುವ ಪೆಡಲ್ಲುಗಳನ್ನು ಮನೆಯಲ್ಲಿ ಕೂತು ಬೆಸೆಯುವುದು ನನ್ನ ಹುಚ್ಚು. ಅವನಿಗೂ ಒಂದು ಮಾಡಿಕೊಟ್ಟಿದ್ದೆ.

ಅದರ ಜೀವ ಇರುವುದು ಕಾಲಲ್ಲಿ ಒತ್ತುವ ಸ್ವಿಚ್ಚಿನಲ್ಲಿ. ಒಮ್ಮೆ ಒತ್ತಿದರೆ ದನಿ ಡಬ್ಬಿಯೊಳಗಿನ ಸರ್ಕ್ಯೂಟಿನಲ್ಲಿ ಹಾದು ಒರಟಾಗಿ ಬರುತ್ತದೆ. ಮತ್ತೆ ಒತ್ತಿದರೆ ಸರ್ಕ್ಯೂಟನ್ನು ಬಿಟ್ಟು ನೇರ ಆಂಪ್ಲಿಫೈಯರಿಗೆ ಹೋಗುತ್ತದೆ. ಸ್ವಿಚ್ಚಿನಡಿ ಒಂಬತ್ತು ಪುಟ್ಟ ಲೋಹದ ಕಾಲು. ಅವುಗಳಲ್ಲಿ ಎರಡನ್ನು ಸೇರಿಸುವ ಒಂದು ತುಂಡು ತಂತಿಯೇ ಆ ನೇರ ದಾರಿ.

ಮಳವಳ್ಳಿಯಲ್ಲಿ ನಮ್ಮ ನೆಂಟರ ಆರತಕ್ಷತೆ, ಅವನದೇ ಆರ್ಕೆಸ್ಟ್ರಾ. ಮೊದಲ ಹಾಡು ಅಬ್ಬರಿಸಿ ಮುಗಿಯಿತು. ಎರಡನೆಯದು ಮೆಲುದನಿಯದು. ಸ್ವಿಚ್ಚು ಒತ್ತಿದ, ಗಿಟಾರು ಸತ್ತೇಹೋಯಿತು. ಬೆರಳು ಓಡುತ್ತಲೇ ಇತ್ತು, ತಲೆ ತೂಗುತ್ತಲೇ ಇತ್ತು. ತನ್ನ ದನಿ ಬರುತ್ತಿಲ್ಲವೆಂದು ಆ ಕಲಾವಿದನಿಗೆ ಗೊತ್ತಾಗಲು ಪಲ್ಲವಿ ಮುಗಿಯಬೇಕಾಯಿತು. ಕೊನೆಗೆ ಮೈಕಿನಲ್ಲಿ, "ಈ ಊರ್ ಕರೆಂಟೇ ಸರಿಯಿಲ್ಲ" ಅಂದ. ಪಕ್ಕದಲ್ಲಿ ನುಡಿಯುತ್ತಿದ್ದ ಕೀಬೋರ್ಡಿಗೂ ಅದೇ ಕರೆಂಟು.

ನಾನು ವೇದಿಕೆ ಹತ್ತಿ ಪೆಡಲ್ಲು ಕಿತ್ತು, ಗಿಟಾರಿನ ಕೇಬಲ್ಲನ್ನು ನೇರ ಆಂಪ್ಲಿಫೈಯರಿಗೆ ಚುಚ್ಚಿದೆ. ಕಾರ್ಯಕ್ರಮ ಮುಗಿದ ಮೇಲೆ ಕೇಳಿದೆ:

"ಭಾವ, ಡಬ್ಬಿ ಒಳಗೇನಾದ್ರೂ ಮುಟ್ಟುದ್ರಾ?"

"ಎರಡು ಕಾಲ್ಗೆ ಸುಮ್ನೆ ಒಂದ್ ತುಂಡು ವೈರು ಹಾಕಿದ್ಯಲ್ಲಾ, ಕಿತ್ತಾಕ್ದೆ. ಅದೇ ಕಣಮ್ಮಿ ಸವಂಡು ಕೆಡಿಸ್ತಿದ್ದಿದ್ದು."

"ಅದನ್ನ ಕಿತ್ರೆ ಸವಂಡು ನೇರ ಹೋಗೋಕೆ ದಾರೀನೇ ಇರಾಕಿಲ್ಲ."

"ನೀನ್ ಮಣ್ ನೋಡ್ಕೋ ಓಗು. ಗಿಟಾರ್ ಇಸ್ಯ ನಂಗ್ ಬುಡು."

ಬಿಟ್ಟೆ. ರಿಪೇರಿಗೆಂದು ಪೆಡಲ್ಲನ್ನು ಮಂಡ್ಯಕ್ಕೆ ತಂದವಳೇ ಡಬ್ಬಿಯೊಳಗಿನ ಸರ್ಕ್ಯೂಟನ್ನೆಲ್ಲ ತೆಗೆದು, ಒಳಬರುವ ತಂತಿಯನ್ನು ಹೊರಹೋಗುವ ತಂತಿಗೆ ನೇರವಾಗಿ ಬೆಸೆದೆ. ಸ್ವಿಚ್ಚಿಗೆ ಉಳಿದದ್ದು ಕೆಂಪು ದೀಪ ಹತ್ತಿಸಿ ಆರಿಸುವ ಕೆಲಸವೊಂದೇ. "ರಿಪೇರಿ ಆಗಿದೆ" ಎಂದು ಕೊಟ್ಟು ಕಳಿಸಿದೆ.

ಮುಂದಿನ ಕಾರ್ಯಕ್ರಮ ಮುಗಿಸಿ ಫೋನ್ ಮಾಡಿದ. "ಈಗ್ ಬಂತು ನೋಡಮ್ಮಿ ಟೋನು! ನಾನ್ ಯೋಳ್ದಂಗೆ ಮಾಡಿದ್ಯಲ್ಲ, ಕಲ್ತ್ಕಂಡೆ ಬುಡು."

ಮದ್ದೂರಿನಲ್ಲೊಮ್ಮೆ ನಾನೇ ಕಣ್ಣಾರೆ ನೋಡಿದೆ. ಸ್ವಿಚ್ಚು ಒತ್ತುತ್ತಾನೆ, ದೀಪ ಹತ್ತುತ್ತದೆ, ಕಣ್ಣು ಮುಚ್ಚಿ ಬಾಯಿ ಸೊಟ್ಟ ಮಾಡುತ್ತಾನೆ. ದನಿ ಮೊದಲಿದ್ದಂತೆಯೇ ಇದೆ. ಜನ ಚಪ್ಪಾಳೆ ತಟ್ಟುತ್ತಾರೆ. ಅವರವರಿಗೆ ತಕ್ಕ ಸಂಗೀತ.

ಆ ದಿನ ಅಲ್ಲಿದ್ದ ಕೊಪ್ಪದ ಇನ್ನೊಬ್ಬ ಗಿಟಾರಿನವನು, "ಅಕ್ಕ, ಅಣ್ಣನ್ ತರದ್ದೇ ಒಂದು ಮಾಡ್ಕೊಡಿ" ಎಂದು ಬೆನ್ನುಬಿದ್ದ. ಪಾಪವೆಂದು ಒಂಬತ್ತು ಕಾಲಿಗೂ ಸರಿಯಾಗಿ ಬೆಸೆದ, ನಿಜವಾದ ಪೆಡಲ್ಲನ್ನೇ ಮಾಡಿಕೊಟ್ಟೆ. ಕೆಲವೇ ದಿನದಲ್ಲಿ ವಾಪಸ್ ತಂದ.

"ಯಾಕೆ, ಕೆಟ್ಟೋಯ್ತಾ?"

"ಇಲ್ಲಕ್ಕ, ಇದ್ರಲ್ಲಿ ಅಣ್ಣನ್ ಟೋನು ಬರಾಕಿಲ್ಲ."

ಅವನನ್ನು ಅಲ್ಲೇ ಕೂರಿಸಿ, ಡಬ್ಬಿ ಬಿಚ್ಚಿ, ಭಾವನದರಂತೆಯೇ ದೀಪವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತೆಗೆದು ಕೊಟ್ಟೆ. ಕೈಮುಗಿದು ತೆಗೆದುಕೊಂಡು ಹೋದ.